ಕಂತಿನ ಲೆಕ್ಕದಲ್ಲಿ ಕೇಳಿದೆ, ಡಿಕನ್ಸ್ ದಕ್ಕಿದ: ನನ್ನ ಆಡಿಯೋಬುಕ್ ಅನುಭವ

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ 'ಬ್ಲೀಕ್ ಹೌಸ್' ಮುಗಿಸಿದೆ. 67 ಅಧ್ಯಾಯ, ಒಂದನ್ನೂ ಹಾರಿಸದೆ, ಪೂರ್ತಿ ಕಿವಿಯಿಂದಲೇ. ಅದಕ್ಕೂ ಮೊದಲು 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಎರಡು ಸಲ, 'ಜೇನ್ ಐರ್' ಒಂದು ಸಲ, ಜೇನ್ ಆಸ್ಟೆನ್‌ಳ ಆರರಲ್ಲಿ ನಾಲ್ಕು ಕಾದಂಬರಿ ಆಗಿವೆ. ಈಗ ಜಾರ್ಜ್ ಎಲಿಯಟ್‌ಳ 'ಮಿಡಲ್‌ಮಾರ್ಚ್' ನಡೆಯುತ್ತಿದೆ. ಶುರು ಮಾಡಿದಾಗ ನಮ್ಮ ಓದಿನ ಬಳಗದಲ್ಲಿ ಯಾರೂ ಇದನ್ನು ನಂಬಿರಲಿಲ್ಲ. "ಕಣ್ಣಿಟ್ಟು ಓದಿದರೇ ಆ ವಾಕ್ಯಗಳಿಗೆ ಎರಡು ಸಲ ಹಿಂದಕ್ಕೆ ಹೋಗಬೇಕು, ಬರೀ ಕೇಳಿಕೊಂಡು ಏನು ಅರ್ಥ ಆಗುತ್ತೆ ಕಣಯ್ಯ?" ಅಂದಿದ್ದರು ನಾನು ಬಹಳ ಗೌರವಿಸುವ ಮೇಷ್ಟ್ರೊಬ್ಬರು. ಮೊದಲ ವರ್ಷದ ಮಟ್ಟಿಗೆ ಅವರ ಮಾತೇ ನಿಜವಾಯಿತು. ಆಮೇಲೆ ಒಂದು ದಾರಿ ಸಿಕ್ಕಿತು. ಆ್ಯಪ್ ಯಾವುದು, ಇಯರ್‌ಫೋನ್ ಯಾವುದು ಅನ್ನುವುದೆಲ್ಲ ನಿಮಗೆ ಗೊತ್ತಿರುವ ವಿಷಯ, ಅದಕ್ಕೆ ಹೋಗುವುದಿಲ್ಲ.

ದಾರಿ ಇಷ್ಟೇ. ಪುಸ್ತಕವನ್ನು ಗಂಟೆಯ ಲೆಕ್ಕದಲ್ಲಿ ಕೇಳುವುದನ್ನು ಬಿಟ್ಟೆ. ಮೊದಲು ಪತ್ರಿಕೆಯಲ್ಲೋ ಬಿಡಿ ಸಂಚಿಕೆಯಲ್ಲೋ ಅದು ಯಾವ ಕಂತುಗಳಾಗಿ ಹೊರಬಂದಿತ್ತೋ ಅದೇ ಕಂತುಗಳಲ್ಲಿ ಕೇಳತೊಡಗಿದೆ.

ಅದಕ್ಕೆ ಮುಂಚೆ ಕೈಕೊಟ್ಟ ವಿಧಾನಗಳನ್ನು ಹೇಳಿಬಿಡುತ್ತೇನೆ, ಹಣ ಮತ್ತು ಹೊತ್ತು ಎರಡೂ ಅಲ್ಲೇ ಹೋದದ್ದು. ಒಂದೂವರೆ ಪಟ್ಟು ವೇಗ: ಪತ್ತೇದಾರಿ ಕಥೆಗೆ ಸರಿ, ಆಸ್ಟೆನ್‌ಗೆ ಸಲ್ಲದು. ಅವಳ ಚುಚ್ಚುಮಾತು ವಾಕ್ಯದ ಕೊನೆಯ ಎರಡು ಪದಗಳಲ್ಲಿ ಕೂತಿರುತ್ತದೆ, ಅದು ಕಿವಿಗೆ ಬೀಳುವಷ್ಟರಲ್ಲಿ ಮುಂದಿನ ವಾಕ್ಯ ಅರ್ಧ ಮುಗಿದಿರುತ್ತದೆ. ಪಠ್ಯ ತೆರೆದಿಟ್ಟುಕೊಂಡು ಜೊತೆಜೊತೆಗೇ ಕೇಳುವುದು: ಕಣ್ಣು ಮುಂದೆ ಓಡುತ್ತದೆ, ದನಿ ಹಿಂದೆ ಬೀಳುತ್ತದೆ, ಕಾಲು ಗಂಟೆಗೆ ತಲೆ ಹಿಡಿದುಕೊಳ್ಳುತ್ತದೆ. ಮಲಗುವಾಗ ಸ್ಲೀಪ್ ಟೈಮರ್ ಹಾಕಿ ಕೇಳುವುದು: ಒಳ್ಳೆಯ ನಿದ್ದೆ ಬರುತ್ತದೆ, ಅಷ್ಟೇ. ಎಲ್ಲಕ್ಕಿಂತ ಹೆಚ್ಚು ದುಡ್ಡು ತಿಂದದ್ದು ಸಂಕ್ಷಿಪ್ತ ಆವೃತ್ತಿಗಳು. ನಾಲ್ಕೈದು ಗಂಟೆಗೆ ಇಳಿಸಿದ ಡಿಕನ್ಸ್ ಅಂದರೆ ಕಥೆಯ ಎಲುಬು ಮಾತ್ರ. ಅವನ ಸೊಗಸೆಲ್ಲ ಇರುವುದು ಕಥೆ ಬಿಟ್ಟು ಅಡ್ಡದಾರಿ ಹಿಡಿದಾಗ, ಕತ್ತರಿ ಹಾಕುವವರು ಮೊದಲು ತೆಗೆಯುವುದೂ ಅದನ್ನೇ. ಕೊಳ್ಳುವ ಮುನ್ನ 'ಅನ್‌ಅಬ್ರಿಡ್ಜ್ಡ್' (ಕತ್ತರಿಸದ, ಪೂರ್ತಿ ಪಠ್ಯ) ಅನ್ನುವ ಮಾತು ಇದೆಯೋ ಇಲ್ಲವೋ ನೋಡಿಕೊಳ್ಳಿ.

ಈಗ ಕಂತಿನ ವಿಷಯ. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಡಿಕನ್ಸ್‌ನ ಸ್ವಂತ ವಾರಪತ್ರಿಕೆ 'ಆಲ್ ದ ಇಯರ್ ರೌಂಡ್'ನಲ್ಲಿ 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ 36 ಕಂತುಗಳಲ್ಲಿ ಬಂತು. ಇಡೀ ಕಾದಂಬರಿ ಸುಮಾರು 1,80,000 ಪದ. ಆಡಿಯೋಬುಕ್‌ಗೆ ನಿಧಾನವಾಗಿ ದನಿ ಕೊಟ್ಟು ಓದುವವರು ಗಂಟೆಗೆ 9,000 ಪದದ ಆಸುಪಾಸು ಓದುತ್ತಾರೆ. ಲೆಕ್ಕ ಹಾಕಿ ನೋಡಿ, ಕಂತಿಗೆ ಅರ್ಧ ಗಂಟೆ, ಕೆಲವಕ್ಕೆ ಸ್ವಲ್ಪ ಹೆಚ್ಚು. ಒಂದು ನಡಿಗೆಗೆ ಇದಕ್ಕಿಂತ ಸರಿಯಾದ ಅಳತೆ ಇನ್ನೊಂದಿಲ್ಲ. ಮೊದಲ ಕಂತು ಒಂದು ಮತ್ತು ಎರಡನೇ ಅಧ್ಯಾಯ. ಕಥೆಯ ನಾಯಕ, ಹುಡುಗ ಪಿಪ್, ತಪ್ಪಿಸಿಕೊಂಡ ಕೈದಿಯೊಬ್ಬನಿಗಾಗಿ ಅರ ಮತ್ತು ತಿಂಡಿ ಕದ್ದುಕೊಂಡು ಮಂಜಿನ ಜೌಗು ನೆಲದ ಕಡೆ ಓಡುವಲ್ಲಿ ನಿಲ್ಲುತ್ತದೆ. ಎರಡನೆಯದು ನಾಲ್ಕನೇ ಅಧ್ಯಾಯದ ಕೊನೆಗೆ ಬರುತ್ತದೆ. ಕದ್ದದ್ದು ಬಯಲಾಗುತ್ತದೆಂದು ಹೆದರಿ ಪಿಪ್ ಬಾಗಿಲಿಗೆ ಓಡುತ್ತಾನೆ, ಎದುರಿಗೆ ಬಂದೂಕು ಹಿಡಿದ ಸಿಪಾಯಿಗಳು, ಒಬ್ಬನ ಕೈಯಲ್ಲಿ ಬೇಡಿ. ಅಲ್ಲಿಗೆ ಕಂತು ಮುಗಿಯಿತು. ಆಗಿನ ಓದುಗರು ಒಂದು ವಾರ ಕಾದಿದ್ದರು. ನಾನು ಎರಡು ದಿನ ಕಾಯುತ್ತಿದ್ದೆ, ಆದರೆ ಪೆಟ್ಟು ಬಿತ್ತು. ಮುಂಚೆ ಒಂದೇ ಓಟದಲ್ಲಿ ಕೇಳಿದಾಗ ಆ ಬೇಡಿ ನನಗೆ ನೆನಪೇ ಉಳಿದಿರಲಿಲ್ಲ.

ಇದು ಕಿವಿಗೆ ಯಾಕೆ ಒಗ್ಗುತ್ತದೆ ಅಂದರೆ, ಓದುಗ ವಾರದಲ್ಲೋ ತಿಂಗಳಲ್ಲೋ ಮರೆಯುತ್ತಾನೆ ಅನ್ನುವುದು ಬರೆದವನಿಗೆ ಗೊತ್ತಿತ್ತು. ಅದಕ್ಕೇ ಪಾತ್ರಗಳಿಗೆ ಗುರುತು ಅಂಟಿಸಿ ಕಳಿಸುತ್ತಾನೆ. ವಕೀಲ ಜಾಗರ್ಸ್ ಬಂದಾಗೆಲ್ಲ ತೋರುಬೆರಳು ಕಚ್ಚುತ್ತಾನೆ, ವಾಸನೆ ಸೋಪಿನಲ್ಲಿ ಕೈ ತೊಳೆಯುತ್ತಾನೆ. ಅವನ ಗುಮಾಸ್ತ ವೆಮಿಕ್‌ನ ಬಾಯಿ ಅಂಚೆಪೆಟ್ಟಿಗೆಯ ಸೀಳಿನಂತೆ. ಕಣ್ಣಲ್ಲಿ ಓದುವಾಗ ಇದು ಪುನರುಕ್ತಿ ಅನಿಸಿ ಬೇಸರ ತರಿಸುತ್ತದೆ. ಕೇಳುವವನಿಗೆ ಇದೇ ಆಸರೆ. ಆಗ ಈ ಕಂತುಗಳನ್ನು ಮನೆಯಲ್ಲಿ ಒಬ್ಬರು ಜೋರಾಗಿ ಓದಿ ಉಳಿದವರು ಕೇಳುವುದೂ ಸಾಮಾನ್ಯವಾಗಿತ್ತು. ಡಿಕನ್ಸ್ ತಾನೇ 1858ರಿಂದ ಟಿಕೆಟ್ ಇಟ್ಟು ಸಭೆಗಳಲ್ಲಿ ಓದಿದ. 1870ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಕೊನೆಯ ಸಲ ಓದಿ, ಜೂನ್‌ನಲ್ಲಿ ತೀರಿಕೊಂಡ. ಮೇಷ್ಟ್ರಿಗೆ ಇದನ್ನೇ ಹೇಳಿದೆ: ಸರ್, ಇದನ್ನು ಕೇಳಿಸಿಕೊಳ್ಳಲೆಂದೇ ಬರೆದಿದ್ದಾನೆ.

'ಬ್ಲೀಕ್ ಹೌಸ್'ನದು ಬೇರೆ ಅಳತೆ. 1852ರ ಮಾರ್ಚ್‌ನಿಂದ 1853ರ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಸಂಚಿಕೆ, ಕೊನೆಯದು ಜೋಡಿ ಸಂಚಿಕೆ. ಒಂದೊಂದರಲ್ಲಿ ಮೂರು ನಾಲ್ಕು ಅಧ್ಯಾಯ, ಕೇಳಲು ಎರಡು ಗಂಟೆ ಬೇಕು. ಇದನ್ನು ವಾರಕ್ಕೊಂದರಂತೆ ಹಾಕಿಕೊಂಡೆ. ಹತ್ತನೇ ಸಂಚಿಕೆ 32ನೇ ಅಧ್ಯಾಯಕ್ಕೆ ಮುಗಿಯುತ್ತದೆ. ಕ್ರೂಕ್ ಎಂಬ ಮುದುಕ ತನ್ನಷ್ಟಕ್ಕೆ ತಾನೇ ಸುಟ್ಟು ಬೂದಿಯಾಗಿರುವುದು ಗೊತ್ತಾಗುವ ಜಾಗ. ಅಲ್ಲಿ ಒಂದು ವಾರ ನಿಂತದ್ದು ನನಗೆ ಇಡೀ ಪುಸ್ತಕದ ಅತ್ಯುತ್ತಮ ವಾರ. ಕಂತು ಎಲ್ಲಿ ಮುರಿಯುತ್ತದೆ ಅನ್ನುವುದು ಟಿಪ್ಪಣಿ ಇರುವ ಒಳ್ಳೆಯ ಮುದ್ರಿತ ಆವೃತ್ತಿಗಳಲ್ಲಿ ಸಿಗುತ್ತದೆ. 'ಮಿಡಲ್‌ಮಾರ್ಚ್' 1871-72ರಲ್ಲಿ ಎಂಟು ಭಾಗಗಳಾಗಿ ಬಂದದ್ದು, ಆದರೆ ಒಂದು ಭಾಗವೇ ನಾಲ್ಕೂವರೆ ಗಂಟೆ ಆಗುತ್ತದೆ. ಅದನ್ನು ನಾನು ಒಳಗೊಳಗೇ ಹೇಗೆ ಒಡೆದುಕೊಂಡೆ ಅನ್ನುವ ಪಟ್ಟಿಯನ್ನು ಸದ್ಯ ಕೊಡುವುದಿಲ್ಲ. ಪುಸ್ತಕ ಮುಗಿದು ಅದು ನಿಜಕ್ಕೂ ನಿಂತರೆ ಆಗ ನೋಡೋಣ.

ಕೇಳುವ ಕ್ರಮ ಹೀಗೆ. ಮೊದಲು ಪಠ್ಯ ಇಲ್ಲದೆ ಒಂದು ಸಲ, ಎಲ್ಲೂ ನಿಲ್ಲಿಸದೆ, ತಪ್ಪಿಹೋದರೆ ಹೋಗಲಿ ಅಂತ. ಆಮೇಲೆ ಹಳೆಯ ಪುಸ್ತಕಗಳನ್ನು ಉಚಿತವಾಗಿ ಕೊಡುವ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಪಠ್ಯದಲ್ಲಿ ತಪ್ಪಿದ ಜಾಗ ಮಾತ್ರ ಹುಡುಕಿ ಓದುವುದು. ಮುಂದಿನ ಕಂತಿಗೆ ಹೋಗುವ ಮುನ್ನ ಹಿಂದಿನದರ ಕೊನೆಯ ಐದು ನಿಮಿಷ ಮತ್ತೆ. ಮೊದಲ ಎರಡು ಕಂತಿಗೆ ವೇಗ 0.9, ಓದುವವರ ದನಿ ಪಳಗಿದ ಮೇಲೆ 1, ಹೆಚ್ಚೆಂದರೆ 1.1. ಹೆಸರುಗಳ ಒಂದು ಚೀಟಿ ಜೇಬಿನಲ್ಲಿರಲಿ. 'ಜೇನ್ ಐರ್'ನಲ್ಲಿ ಸೇಂಟ್ ಜಾನ್ ಅಂತ ಬರೆದಿರುವ ಪಾದ್ರಿಯನ್ನು ಓದುವವರು 'ಸಿಂಜನ್' ಅಂತಾರೆ; ಚೀಟಿ ಇಲ್ಲದಿದ್ದರೆ ಯಾರೋ ಹೊಸಬ ಬಂದ ಅಂದುಕೊಳ್ಳುತ್ತೀರಿ.

ಓದುವ ದನಿಯ ಆಯ್ಕೆಯೇ ಅರ್ಧ ಕೆಲಸ. ನನ್ನ ಪರೀಕ್ಷೆ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್'ನ ಮೊದಲ ಅಧ್ಯಾಯ. ಗಂಡ ಹೆಂಡಿರ ಮಾತು, ಯಾರು ಆಡಿದರು ಅನ್ನುವ ಸೂಚನೆ ಹಲವು ಸಾಲುಗಳಲ್ಲಿ ಇಲ್ಲವೇ ಇಲ್ಲ. 1813ರ ಜನವರಿಯಲ್ಲಿ, ಪುಸ್ತಕ ಕೈಗೆ ಬಂದೊಡನೆ, ಅಲ್ಲಲ್ಲಿ 'ಅವನೆಂದ', 'ಅವಳೆಂದಳು' ಇದ್ದಿದ್ದರೆ ಇನ್ನೂ ಸ್ಪಷ್ಟವಾಗುತ್ತಿತ್ತು ಅಂತ ಆಸ್ಟೆನ್ ಅಕ್ಕನಿಗೆ ಬರೆದಿದ್ದಳು. ಕೆಲವೇ ದಿನಗಳ ನಂತರದ ಇನ್ನೊಂದು ಪತ್ರದಲ್ಲಿ, ಅಮ್ಮ ತುಂಬ ಬೇಗ ಓದುತ್ತಾಳೆ, ಪಾತ್ರಗಳು ಅರ್ಥವಾಗಿದ್ದರೂ ಅವರು ಮಾತಾಡಬೇಕಾದ ಹಾಗೆ ಮಾತಾಡಿಸಲು ಅವಳಿಗೆ ಬರುವುದಿಲ್ಲ ಅಂತ ಕೊರಗಿದ್ದಾಳೆ. ಹಾಗಾಗಿ ಮಾದರಿ ತುಣುಕಿನಲ್ಲಿ ನಾನು ಕೇಳುವುದು ಒಂದೇ: ಬೆನೆಟ್ ಯಾರು, ಬೆನೆಟ್ ಹೆಂಡತಿ ಯಾರು ಅನ್ನುವುದು ದನಿ ತೀರ ಬದಲಿಸದೆಯೇ ತಿಳಿಯುತ್ತದೆಯೇ? ಹೆಂಗಸಿನ ಪಾತ್ರಕ್ಕೆ ಕೀರಲು ದನಿ ತೆಗೆಯುವವರು ನನಗೆ ಬೇಡ. ಈ ಪರೀಕ್ಷೆಯಲ್ಲಿ ಗೆದ್ದ ಏಳೆಂಟು ಜನರ ಹೆಸರು ನನ್ನಲ್ಲಿದೆ, ಹೇಳುವುದಿಲ್ಲ; ಕಿವಿ ಒಬ್ಬೊಬ್ಬರದು ಒಂದೊಂದು ಥರ, ನೀವೇ ಹುಡುಕಿಕೊಂಡರೆ ಗಟ್ಟಿ.

ದುಡ್ಡಿಗೆ ಬಂದರೆ, ತಿಂಗಳ ಚಂದಾ ಕಟ್ಟಿ ಒಂದು ಕ್ರೆಡಿಟ್ (ಅಂದರೆ ಒಂದು ಪುಸ್ತಕ ಕೊಳ್ಳುವ ಹಕ್ಕು) ಪಡೆಯುವ ಸೇವೆಗಳಲ್ಲಿ ಮೂರು ಗಂಟೆಯ ಪುಸ್ತಕಕ್ಕೂ ಮೂವತ್ತಾರು ಗಂಟೆಯ ಪುಸ್ತಕಕ್ಕೂ ಒಂದೇ ಕ್ರೆಡಿಟ್. ಆದ್ದರಿಂದ ಕ್ರೆಡಿಟ್ ಹೋಗಬೇಕಾದ್ದು ದಪ್ಪ ಪುಸ್ತಕಗಳಿಗೆ ಮಾತ್ರ. ಒಂದು ಕಡೆ ಚಂದಾ ನಿಲ್ಲಿಸಿದಾಗ ನನ್ನ ಮೂರೋ ನಾಲ್ಕೋ ಕ್ರೆಡಿಟ್ ಹೇಳದೆ ಕೇಳದೆ ಮಾಯವಾದವು, ಪತ್ರ ಬರೆದರೂ ಬರಲಿಲ್ಲ. ನಿಲ್ಲಿಸುವ ಮುನ್ನ ಖಾಲಿ ಮಾಡಿ. ಸಣ್ಣ ಪುಸ್ತಕಗಳಿಗೆಲ್ಲ ಲಿಬ್ರಿವಾಕ್ಸ್ ಎಂಬ ಜಾಲತಾಣ ಇದೆ. 2005ರಲ್ಲಿ ಶುರುವಾದದ್ದು, ಸ್ವಯಂಸೇವಕರೇ ಓದುವುದು, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು, ಪೂರ್ತಿ ಉಚಿತ. 64 ಕೆಬಿಪಿಎಸ್ ಫೈಲ್ ಸಾಕು, ಗಂಟೆಗೆ 28-29 ಎಂಬಿ. ಒಂದೇ ಪುಸ್ತಕಕ್ಕೆ ಐದಾರು ಆವೃತ್ತಿ ಇದ್ದರೆ 'ಸೋಲೋ' ಅಂತಿರುವುದನ್ನೇ, ಅಂದರೆ ಒಬ್ಬರೇ ಪೂರ್ತಿ ಓದಿದ್ದನ್ನೇ, ಹಿಡಿಯಿರಿ. 'ಎಮ್ಮಾ'ವನ್ನು ಗುಂಪಿನ ಓದಿನಲ್ಲಿ ಕೇಳಲು ಹೋಗಿ ಹತ್ತನೇ ಅಧ್ಯಾಯಕ್ಕೆ ಬಿಟ್ಟೆ. ಅಲ್ಲಿ ಎಮ್ಮಾಳ ಭ್ರಮೆಯೆಲ್ಲ ನಿರೂಪಕಿಯ ವಾಕ್ಯದೊಳಗೇ ಸೇರಿಕೊಂಡಿರುತ್ತದೆ. ಅಧ್ಯಾಯಕ್ಕೊಬ್ಬರು ಬದಲಾದರೆ ಯಾವುದು ಎಮ್ಮಾಳ ಅನಿಸಿಕೆ, ಯಾವುದು ಆಸ್ಟೆನ್‌ಳ ಮಾತು ಅನ್ನುವ ಎಳೆ ಕಡಿದುಹೋಗುತ್ತದೆ.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ಲಾರೆನ್ಸ್ ಸ್ಟರ್ನ್‌ನ ಕಾದಂಬರಿ 'ಟ್ರಿಸ್ಟ್ರಮ್ ಶ್ಯಾಂಡಿ' ಕಿವಿಗೆ ಆಗುವುದಿಲ್ಲ. ಅದರಲ್ಲಿ ಪೂರ್ತಿ ಕಪ್ಪು ಬಳಿದ ಪುಟ ಇದೆ, ಬಣ್ಣದ ಅಬ್ರಿ ಕಾಗದದ ಪುಟ ಇದೆ, ಓದುಗನೇ ಚಿತ್ರ ಬರೆದುಕೊಳ್ಳಲಿ ಅಂತ ಬಿಟ್ಟ ಖಾಲಿ ಪುಟ ಇದೆ. ಓದುವವರು ಪಾಪ ಏನು ಮಾಡಬೇಕು? ತದ್ವಿರುದ್ಧ 'ಪ್ಯಾರಡೈಸ್ ಲಾಸ್ಟ್'. ಮಿಲ್ಟನ್ ಕಣ್ಣು ಹೋದ ಮೇಲೆ ಬಾಯಲ್ಲಿ ಹೇಳಿ ಬರೆಸಿದ ಕಾವ್ಯ, 10,000ಕ್ಕೂ ಹೆಚ್ಚು ಸಾಲು. ಪುಟದಲ್ಲಿ ನಾನು ಮೂರನೇ ಕಾಂಡ ದಾಟಿರಲಿಲ್ಲ. ಕೂತಲ್ಲಿ ಒಂದು ಕಾಂಡದಂತೆ, ಮುಕ್ಕಾಲು ಗಂಟೆಯ ಲೆಕ್ಕದಲ್ಲಿ ಕೇಳಿದೆ, ಹನ್ನೆರಡೂ ಆದವು. ಕ್ರಿಯಾಪದ ಎಲ್ಲಿದೆ ಅಂತ ಹುಡುಕುವುದನ್ನು ಬಿಟ್ಟು ಉಸಿರು ಎಲ್ಲಿ ಬೀಳುತ್ತದೆ ಅಂತ ಹಿಂಬಾಲಿಸಿದರೆ ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. 'ವದರಿಂಗ್ ಹೈಟ್ಸ್'ನ ಆಳು ಜೋಸೆಫ್‌ನ ಯಾರ್ಕ್‌ಷೈರ್ ಮಾತೂ ಹಾಗೆಯೇ. ಇಂಗ್ಲಿಷರಿಗೇ ಕಷ್ಟವಾಗುತ್ತದೆಂದು ಶಾರ್ಲಟ್ ಬ್ರಾಂಟೆ 1850ರ ಮುದ್ರಣದಲ್ಲಿ ಅದನ್ನು ಬರೆದ ತಂಗಿ ಎಮಿಲಿಯ ಆ ಸಾಲುಗಳನ್ನು ತಿದ್ದಿ ಹಗುರ ಮಾಡಿದ್ದಳು. ಆ ಸೀಮೆಯ ನುಡಿ ಬಲ್ಲವರು ಓದಿದ್ದನ್ನು ಕೇಳಿ, ಕಾಗುಣಿತ ನೋಡಿ ಬಿಟ್ಟುಬಿಟ್ಟಿದ್ದ ಮಾತು ಮುಕ್ಕಾಲು ಪಾಲು ಹಿಡಿಯುತ್ತದೆ.

ಮುಂದಿನದು ವಿಲ್ಕಿ ಕಾಲಿನ್ಸ್‌ನ 'ದ ವುಮನ್ ಇನ್ ವೈಟ್'. 1859-60ರಲ್ಲಿ ಅದೇ 'ಆಲ್ ದ ಇಯರ್ ರೌಂಡ್'ನಲ್ಲಿ 40 ವಾರ ಬಂದದ್ದು. ಪಾತ್ರಗಳೇ ಒಬ್ಬರಾದ ಮೇಲೊಬ್ಬರು ಸಾಕ್ಷಿ ಹೇಳುವ ಕಥೆ, ಹಾಗಾಗಿ ಇದೊಂದಕ್ಕೆ ಗುಂಪಿನ ಓದು ಹೊಂದಬಹುದು ಅನ್ನಿಸುತ್ತಿದೆ. ಎರಡೂ ಆವೃತ್ತಿ ಇಳಿಸಿಕೊಂಡಿದ್ದೇನೆ. ಮೇಷ್ಟ್ರೂ ಈ ಸಲ ಜೊತೆಗೆ ಕೇಳುತ್ತೇನೆ ಅಂದಿದ್ದಾರೆ; ಅವರು ಸೋಲೋ, ನಾನು ಗುಂಪು, ಕಂತು ಮುಗಿದಾಗೆಲ್ಲ ಫೋನಿನಲ್ಲಿ ಮಾತು ಅಂತ ನಿಶ್ಚಯವಾಗಿದೆ.