ಮಾರಾಟ ನಿಂತ ನೆಕ್ಸಸ್ 7ನ್ನು ನಾನು ಓಡಿಸಿದ ಬಗೆ

ಗೂಗಲ್‌ನ ಏಳಿಂಚಿನ ಟ್ಯಾಬ್ ನೆಕ್ಸಸ್ 7ರ ಮೊದಲ ತಲೆಮಾರು, ಅಂದರೆ 2012ರ ಮಾಡೆಲ್, ನಮ್ಮ ಮನೆಯಲ್ಲಿ ಈಗಲೂ ದಿನಾ ಓಡುತ್ತಿದೆ. ಹೇಳಿದರೆ ಯಾರೂ ನಂಬುವುದಿಲ್ಲ. "ದುಡ್ಡು ಹೊಳೆಗೆ ಸುರಿದೆ" ಎಂದು ಆಗ ನಕ್ಕವರ ಟ್ಯಾಬ್‌ಗಳು ಒಂದೊಂದಾಗಿ ಗುಜರಿ ಸೇರಿವೆ. ಹಾಗಾಗಿ ಒಮ್ಮೆ ಬರೆದಿಡೋಣ ಅನ್ನಿಸಿತು. ಟ್ಯಾಬ್‌ನ ಬೀಗ ತೆಗೆಯುವುದು (ಅನ್‌ಲಾಕ್), ರಿಕವರಿ ಮೆನು, ಹೊಸ ಸಾಫ್ಟ್‌ವೇರ್ ತುಂಬುವುದು (ಫ್ಲ್ಯಾಶ್) ಎಲ್ಲ ಗೊತ್ತಿರುವವರಿಗೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಮೊದಲು ಯಾವುದಾದರೂ ಹಳೇ ಫೋನಿನ ಮೇಲೆ ಕೈ ಪಳಗಿಸಿಕೊಳ್ಳಿ.

ತಗೊಂಡಿದ್ದು 2015ರ ಶುರುವಿನಲ್ಲಿ. ಎರಡನೇ ತಲೆಮಾರು ಬಂದ ಮೇಲೆ, 2013ರಲ್ಲೇ, ಇದರ ಮಾರಾಟ ನಿಂತಿತ್ತು. ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಶೋಕೇಸಿನ ಕೆಳಗಿನ ಅರೆಯಲ್ಲಿ ಒಂದು ಪೀಸ್ ಉಳಿದಿತ್ತು. 16 ಜಿಬಿ, ಬರೀ ವೈಫೈ. ಗೂಗಲ್ ಭಾರತದಲ್ಲಿ ಮಾರಾಟಕ್ಕಿಟ್ಟಾಗ ಇದರ ಬೆಲೆ 15,999 ರೂಪಾಯಿ. ಅಂಗಡಿಯವರು ಏಳು ಸಾವಿರ ಅಂದರು, ನಾನು ಐದು ಅಂದೆ. ಡಿಸ್‌ಪ್ಲೇಗೆ ಇಟ್ಟಿದ್ದ ಪೀಸ್ ಅದು, ಡಬ್ಬದ ಸೀಲ್ ಒಡೆದಿತ್ತು. ಅದನ್ನೇ ಹಿಡಿದು ಚೌಕಾಸಿ ಮಾಡಿದೆ. "ಐದೂವರೆಗೆ ತಗೊಂಡು ಹೋಗಿ ಸಾರ್, ಆದ್ರೆ ವಾಪಸ್ ಅಂತ ಮಾತ್ರ ಬರ್ಬೇಡಿ" ಎಂದು ಕೊಟ್ಟರು.

ಮನೆಗೆ ತಂದಾಗ ನನ್ನ ಹೆಂಡತಿಯ ತಮ್ಮ ಅಲ್ಲೇ ಇದ್ದ. "ಭಾವ, ಇನ್ನೊಂದು ಮೂರು ಸಾವಿರ ಹಾಕಿದ್ರೆ ಹೊಸದೇ ಬರ್ತಿತ್ತಲ್ಲ" ಎಂದ. ಬರ್ತಿತ್ತು, ನಿಜ. ಆದರೆ ಆ ದುಡ್ಡಿಗೆ ಬರುತ್ತಿದ್ದ ಹೊಸ ಟ್ಯಾಬ್‌ಗಳ ಸ್ಕ್ರೀನನ್ನು ಪಕ್ಕದಿಂದ ನೋಡಿದರೆ ಬಣ್ಣವೇ ತಿರುಗುತ್ತಿತ್ತು. ಇದರದ್ದು 1280ಕ್ಕೆ 800ರ ಐಪಿಎಸ್ ಸ್ಕ್ರೀನು. ನಾಲ್ಕು ಕೋರಿನ ಟೆಗ್ರಾ 3, ಒಂದು ಜಿಬಿ ರಾಮ್, 4325 ಎಂಎಎಚ್ ಬ್ಯಾಟರಿ. ಬರೀ ವೈಫೈ ಮಾಡೆಲ್ ಆದರೂ ಜಿಪಿಎಸ್ ಉಂಟು. ಇನ್ನೊಂದು ಕಾರಣ ಕನ್ನಡ. ಆಂಡ್ರಾಯ್ಡ್ 4.1ರಿಂದಲೇ ಕನ್ನಡ ಅಕ್ಷರ ಜೋಡಿಸುವ ಕೆಲಸ ಸಿಸ್ಟಮ್‌ನೊಳಗೆ ಬಂದಿತ್ತು, ಈ ಟ್ಯಾಬ್ ಹುಟ್ಟಿದ್ದೇ 4.1ರ ಜೊತೆ. ಅದಕ್ಕೂ ಮುಂಚಿನ ನನ್ನ ಅಗ್ಗದ ಟ್ಯಾಬ್‌ನಲ್ಲಿ ಕನ್ನಡ ಪುಟ ತೆರೆದರೆ ಬರೀ ಚೌಕಗಳು.

ಈಗ ಕಷ್ಟದ ಕತೆ. ತಂದ ಕೂಡಲೇ ಅಪ್‌ಡೇಟ್ ಬಂತು, 5ನೇ ಆವೃತ್ತಿಗೆ ಏರಿಸಿದೆ. ಅಲ್ಲಿಂದ ಟ್ಯಾಬ್ ಮಲಗಿತು. ಪುಸ್ತಕದ ಪುಟ ತಿರುಗಿಸಿದರೆ ಬೆರಳು ಎತ್ತಿದ ಮೇಲೆ ತಿರುಗುತ್ತಿತ್ತು. ಟೈಪ್ ಮಾಡಿದ ಅಕ್ಷರ ಎರಡು ಮೂರು ಸೆಕೆಂಡ್ ಬಿಟ್ಟು ಬರುತ್ತಿತ್ತು. ಈ ಮಾಡೆಲ್‌ನ ಈ ಪಾಡು ಆಗ ಲೋಕಕ್ಕೇ ಗೊತ್ತಿತ್ತು, ಅಷ್ಟು ಅಗ್ಗಕ್ಕೆ ಸಿಕ್ಕಿದ್ದೂ ಅದಕ್ಕೇ ಇರಬಹುದು. ಎಲ್ಲರದ್ದೂ ಒಂದೇ ಮಾತು: ಒಂದು ಜಿಬಿ ರಾಮ್ ಸಾಲದು, ಪ್ರೊಸೆಸರ್ ಹಳತು, ಬಿಸಾಕಿ.

ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ರಾಮ್ ಖಾಲಿ ಮಾಡುವ ಆ್ಯಪ್ ಹಾಕಿದೆ. ಅದು ಓಡುವುದಕ್ಕೇ ರಾಮ್ ಬೇಕು, ಸುಮ್ನೆ ದಂಡ. ಡೆವಲಪರ್ ಆಪ್ಶನ್ಸ್‌ಗೆ ಹೋಗಿ ಅನಿಮೇಶನ್ ಅರ್ಧಕ್ಕೆ ಇಳಿಸಿದೆ. ಕಣ್ಣಿಗೆ ಚುರುಕು ಕಂಡಿತು, ಒಳಗೆ ಅದೇ ಗೋಳು. ಫ್ಯಾಕ್ಟರಿ ರೀಸೆಟ್ ಮಾಡಿದರೆ ವಾರ ಹತ್ತು ದಿನ ಚೆನ್ನಾಗಿತ್ತು, ಮತ್ತೆ ಮಲಗಿತು. ಆಮೇಲೆ ಬೇರೆ ಕರ್ನಲ್ (ಆಂಡ್ರಾಯ್ಡ್‌ನ ಅಡಿಪಾಯದ ಸಾಫ್ಟ್‌ವೇರ್) ಹಾಕಿ ಪ್ರೊಸೆಸರನ್ನು 1.6 ಗಿಗಾಹರ್ಟ್ಸ್‌ವರೆಗೆ ಓವರ್‌ಕ್ಲಾಕ್ ಮಾಡಿದೆ, ಅಂದರೆ ಮೂಲ ವೇಗಕ್ಕಿಂತ ಜೋರಾಗಿ ಓಡಿಸಿದೆ. ಹಿಂಭಾಗ ಕೈ ಸುಡುವಷ್ಟು ಬಿಸಿ, ಬ್ಯಾಟರಿ ಮಧ್ಯಾಹ್ನಕ್ಕೇ ಕೆಳಗೆ. ಟೈಪ್ ಮಾಡುವಾಗಿನ ಆ ನಿಲ್ಲುವಿಕೆ ಮಾತ್ರ ಒಂದು ಚೂರೂ ಕಡಿಮೆ ಆಗಲಿಲ್ಲ.

ಸುಳಿವು ಸಿಕ್ಕಿದ್ದೇ ಅಲ್ಲಿ. ಪ್ರೊಸೆಸರ್ ಜೋರು ಮಾಡಿದರೂ ಬದಲಾಗದಿದ್ದರೆ ಕಾಯಿಲೆ ಪ್ರೊಸೆಸರ್‌ನದ್ದಲ್ಲ. ಟ್ಯಾಬ್ ಯಾವಾಗ ನಿಲ್ಲುತ್ತದೆ ಅಂತ ಗಮನಿಸಿದೆ. ಹಿಂದೆ ಏನೋ ಡೌನ್‌ಲೋಡ್ ಆಗುವಾಗ, ಆ್ಯಪ್ ಅಪ್‌ಡೇಟ್ ಆಗುವಾಗ, ಮೇಲ್ ಸಿಂಕ್ ಆಗುವಾಗ. ಅಂದರೆ ಸ್ಟೋರೇಜ್‌ಗೆ ಬರೆಯುವಾಗ. ಸ್ಟೋರೇಜ್ ವೇಗ ಅಳೆಯುವ ಆಂಡ್ರೊಬೆಂಚ್ ಆ್ಯಪ್ ಹಾಕಿ ನೋಡಿದರೆ ಚಿಕ್ಕ ಚಿಕ್ಕ ತುಂಡು ಬರೆಯುವ ವೇಗ ಸೆಕೆಂಡಿಗೆ ಅರ್ಧ ಎಂಬಿಯೂ ಇರಲಿಲ್ಲ. ಇದರೊಳಗಿನ ಸ್ಟೋರೇಜ್ ಚಿಪ್, ಇಎಂಎಂಸಿ, ಅಗ್ಗದ್ದು. 16 ಜಿಬಿ ಅಂದರೂ ನಮಗೆ ಸಿಗುವುದು 13ರ ಆಸುಪಾಸು. ನನ್ನದರಲ್ಲಿ ಒಂದು ಜಿಬಿಯೂ ಖಾಲಿ ಉಳಿದಿರಲಿಲ್ಲ.

ಚಿಪ್ ತುಂಬಿದರೆ ಬರೆಯುವುದು ನಿಧಾನ ಆಗುತ್ತದೆ ಅಂತ ನಿಮಗೆ ಗೊತ್ತು. ಒಣಗಿದ ಅಡಿಕೆಯನ್ನು ಅಂಗಳದಿಂದ ತೆಗೆಯದೆ ಹೊಸ ಅಡಿಕೆ ಹರವಲು ಹೋದ ಹಾಗೆ. ಅಳಿಸಿದ ಜಾಗ ಖಾಲಿಯಾಗಿದೆ ಅಂತ ಚಿಪ್‌ಗೆ ತಿಳಿಸುವುದು ಟ್ರಿಮ್. ಆಂಡ್ರಾಯ್ಡ್ 4.3ರಿಂದ ಅದು ತಾನಾಗಿಯೇ ಆಗುತ್ತದೆ. ಹಾಗಿದ್ದರೆ ನನ್ನದರಲ್ಲಿ ಯಾಕೆ ಆಗಿಲ್ಲ? ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ, ಉತ್ತರ ನಮ್ಮ ಮನೆಯಲ್ಲೇ ಇತ್ತು.

ಆ ಟ್ರಿಮ್ ಓಡಬೇಕಾದರೆ ಸ್ಕ್ರೀನ್ ಆಫ್ ಆಗಿ ಒಂದು ಗಂಟೆಗಿಂತ ಜಾಸ್ತಿ ಟ್ಯಾಬ್ ಸುಮ್ಮನೆ ಬಿದ್ದಿರಬೇಕು. ಚಾರ್ಜರ್ ಹಾಕಿರದಿದ್ದರೆ ಬ್ಯಾಟರಿ ಶೇ. 80 ಇರಬೇಕು. ಚಾರ್ಜರ್‌ಗೆ ಹಾಕಿದ್ದರೆ ಶೇ. 30 ಸಾಕು. ಊರು ಹೊಸನಗರದ ಕಡೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಯುಪಿಎಸ್ ಮೇಲೆ ಲೈಟು ಮತ್ತು ರೂಟರ್ ಬಿಟ್ಟು ಬೇರೆ ಏನೂ ಹಾಕಬಾರದು ಅಂತ ಮನೆಯ ಕಾನೂನು. ಇನ್ನು ಸಿಡಿಲಿಗೆ ಹೆದರಿ ಅಮ್ಮ ರಾತ್ರಿ ಮಲಗುವ ಮುಂಚೆ ಎಲ್ಲ ಪ್ಲಗ್ಗೂ ಕಿತ್ತು ಇಡುತ್ತಾರೆ. ಹೀಗಾಗಿ ನಮ್ಮ ಟ್ಯಾಬ್ ಯಾವಾಗಲೂ ಶೇ. 40–60ರಲ್ಲಿ, ಚಾರ್ಜರ್ ಇಲ್ಲದೆ ಮಲಗಿರುತ್ತಿತ್ತು. ಟ್ರಿಮ್ ಓಡುವ ಯೋಗವೇ ಬರಲಿಲ್ಲ. ಬೆಂಗಳೂರಿನಲ್ಲಿರುವ ಗೆಳೆಯನ ಅದೇ ಮಾಡೆಲ್ ನನ್ನದಕ್ಕಿಂತ ಚುರುಕಾಗಿತ್ತು. ಅವನು ಇಡೀ ರಾತ್ರಿ ಚಾರ್ಜರ್‌ನಲ್ಲಿ ಬಿಡುತ್ತಿದ್ದ, ಅಷ್ಟೇ ವ್ಯತ್ಯಾಸ. ಅವನಿಗೆ ಇದನ್ನು ಹೇಳಿದಾಗ ನಕ್ಕ. ರೂಟ್ ಮಾಡಿ (ಸಿಸ್ಟಮ್‌ನ ಪೂರ್ತಿ ಅಧಿಕಾರ ಪಡೆದು) ಲ್ಯಾಗ್‌ಫಿಕ್ಸ್ ಆ್ಯಪ್‌ನಿಂದ ಕೈಯಾರೆ ಟ್ರಿಮ್ ಓಡಿಸಿ, ಮೊದಲಿನ ಮತ್ತು ಆಮೇಲಿನ ಅಂಕಿ ಎರಡೂ ಕಳಿಸಿದೆ. ಆಮೇಲೆ ನಗಲಿಲ್ಲ.

ಟ್ರಿಮ್‌ನಿಂದ ಅರ್ಧ ಗೆದ್ದೆ. ಉಳಿದ ಅರ್ಧಕ್ಕೆ ಎರಡು ಕೆಲಸ ಮಾಡಿದೆ.

ಮೊದಲನೆಯದು ಆಂಡ್ರಾಯ್ಡ್ 4.4.4ಕ್ಕೆ, ಅಂದರೆ ಕಿಟ್‌ಕ್ಯಾಟ್‌ಗೆ, ವಾಪಸ್ ಇಳಿದದ್ದು. ಹೊಸದು ಬಿಟ್ಟು ಹಳೆಯದಕ್ಕೆ ಹೋಗುವುದು ಅಂದರೆ ಕೆಲವರಿಗೆ ಅವಮಾನ. ಕಿಟ್‌ಕ್ಯಾಟ್ ಅನ್ನು 512 ಎಂಬಿ ರಾಮ್ ಇರುವ ಫೋನ್‌ಗಳಲ್ಲೂ ಓಡಲಿ ಅಂತ ಇಳಿಸಿ ಕಟ್ಟಿದ್ದು. ಒಂದು ಜಿಬಿಯ ಟ್ಯಾಬ್‌ಗೆ ಅದು ಆರಾಮ. ಫ್ಯಾಕ್ಟರಿ ಇಮೇಜ್ (ಗೂಗಲ್ ಕೊಡುವ ಮೂಲ ಸಾಫ್ಟ್‌ವೇರ್) ಹಾಕುವಾಗ ಬೂಟ್‌ಲೋಡರ್ (ಟ್ಯಾಬನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ) ಆಗಲೇ 4.23 ಇದ್ದರೆ ಅದನ್ನು ಮುಟ್ಟಬೇಡಿ, ಉಳಿದದ್ದು ಮಾತ್ರ ಹಾಕಿ. ಆ ಹೊತ್ತಿಗೆ ಕರೆಂಟ್ ಹೋದರೂ ಲ್ಯಾಪ್‌ಟಾಪ್ ಆಫ್ ಆಗಬಾರದು, ಇದನ್ನು ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ.

ಎರಡನೆಯದು ಎಫ್2ಎಫ್ಎಸ್. ಫ್ಲ್ಯಾಶ್ ಮೆಮೊರಿಗೆ ಅಂತಲೇ ಸ್ಯಾಮ್‌ಸಂಗ್‌ನವರು ಬರೆದ ಫೈಲ್ ಸಿಸ್ಟಮ್ (ಚಿಪ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಇದು, ಲಿನಕ್ಸ್ ಕರ್ನಲ್‌ಗೆ 3.8ನೇ ಆವೃತ್ತಿಯಲ್ಲಿ ಸೇರಿತು. ಟಿಡಬ್ಲ್ಯುಆರ್‌ಪಿ ಅನ್ನುವ ರಿಕವರಿಯ ವೈಪ್ (ಅಳಿಸುವ) ಮೆನುವಿನಲ್ಲಿ ಡೇಟಾ ಮತ್ತು ಕ್ಯಾಶ್ ಎರಡನ್ನೂ ಮೊದಲಿದ್ದ ಇಎಕ್ಸ್‌ಟಿ4ನಿಂದ ಎಫ್2ಎಫ್ಎಸ್‌ಗೆ ಬದಲಾಯಿಸಿದೆ. ಬದಲಾಯಿಸಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲೇ ಕಂಪ್ಯೂಟರ್‌ಗೆ ತೆಗೆದಿಟ್ಟಿದ್ದೆ. ಆದರೆ ಮೊದಲು ಹಾಕಿದ ಕರ್ನಲ್‌ಗೆ ಎಫ್2ಎಫ್ಎಸ್ ಅಂದರೇನೇ ಗೊತ್ತಿರಲಿಲ್ಲ. ಲೋಗೋ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಎರಡನೇ ಕರ್ನಲ್‌ನಲ್ಲಿ ಬೂಟ್ ಆಯಿತು, ಆದರೆ ನಿದ್ದೆಯಿಂದ ಎದ್ದ ಮೇಲೆ ವೈಫೈ ಸಿಗುತ್ತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಸರಿಹೋಯಿತು. ಒಂದೊಂದು ಕರ್ನಲ್ ಇಳಿಸಿಕೊಳ್ಳುವುದಕ್ಕೂ ಸಿಗ್ನಲ್ ಸಿಗುವ ಗುಡ್ಡದ ತಿರುವಿಗೆ ಹೋಗಿ ನಿಲ್ಲಬೇಕಿತ್ತು. ರೂಟರ್ ಆ ತಿಂಗಳು ಸಿಡಿಲಿಗೆ ಹೋಗಿತ್ತು.

ಫಲ ಏನು? ಸೆಕೆಂಡಿಗೆ ಅರ್ಧ ಎಂಬಿ ಇದ್ದ ಆ ಬರೆಯುವ ವೇಗ ಮೂರು, ನಾಲ್ಕರ ಹತ್ತಿರ ಬಂತು. ಬೂಟ್ ಆಗಲು ಎರಡು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಿದ್ದದ್ದು ಮುಕ್ಕಾಲು ನಿಮಿಷಕ್ಕೆ ಇಳಿಯಿತು. ಹಿಂದೆ ಡೌನ್‌ಲೋಡ್ ಆಗುತ್ತಿದ್ದರೂ ಪುಟ ತಿರುಗುತ್ತದೆ. ಓವರ್‌ಕ್ಲಾಕ್ ತೆಗೆದು ಮೂಲ ವೇಗಕ್ಕೇ ಇಟ್ಟೆ, ಬಿಸಿಯೂ ಇಲ್ಲ. ಸ್ಟೋರೇಜ್ ಮತ್ತು ರಾಮ್ ಬಳಸುವ ಬಗೆಯ ಮೂರು ಸೆಟ್ಟಿಂಗ್ ಇವೆ: ಐ/ಒ ಶೆಡ್ಯೂಲರ್ ಬದಲಾಯಿಸಿದ್ದು, ಝಡ್‌ರಾಮ್‌ಗೆ ಕೊಟ್ಟ ಅಳತೆ, ರೀಡ್ ಅಹೆಡ್ ಅಂಕಿ, ಇವು ಮೂರೂ ಸೇರಿದರೆ ಇನ್ನೂ ಸ್ವಲ್ಪ ಚುರುಕು. ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಳೆಗಾಲ ಪೂರ್ತಿ ಕೂತು ಹುಡುಕಿದ್ದು, ನೀವೂ ಸ್ವಲ್ಪ ಕೂರಿ! ಒಂದು ಮಾತ್ರ ಹೇಳುತ್ತೇನೆ: ಎಷ್ಟೇ ಆಸೆಯಾದರೂ ಮೂರು ಜಿಬಿ ಖಾಲಿ ಬಿಡಿ.

ಎಫ್‌ಸಿಂಕ್ (ಬರೆದದ್ದು ಕೂಡಲೇ ಚಿಪ್‌ಗೆ ಸೇರುವಂತೆ ನೋಡಿಕೊಳ್ಳುವ ವ್ಯವಸ್ಥೆ) ಆಫ್ ಮಾಡಿದರೆ ಇನ್ನೂ ವೇಗ ಅಂತ ಹೇಳುವವರಿದ್ದಾರೆ. ಮಾಡಿ ನೋಡಿದೆ, ವೇಗ ನಿಜ. ಆದರೆ ಒಂದು ದಿನ ಟ್ಯಾಬ್ ಇದ್ದಕ್ಕಿದ್ದ ಹಾಗೆ ಆಫ್ ಆಗಿ, ಬರೆದಿಟ್ಟ ತೋಟದ ಲೆಕ್ಕವೆಲ್ಲ ಹೋಯಿತು. ಅಲ್ಲಿಗೆ ಆ ಪ್ರಯೋಗ ಬಿಟ್ಟೆ.

ಆಫ್ ಆಗಿದ್ದು ಯಾಕೆ ಅನ್ನುವುದು ಬೇರೆಯೇ ಕತೆ. ಚಾರ್ಜ್ ಹತ್ತುತ್ತಿರಲಿಲ್ಲ. ರಿಪೇರಿಯವರೊಬ್ಬರಿಗೆ ತೋರಿಸಿದೆ, ಬೋರ್ಡ್ ಹೋಗಿದೆ, ಎರಡು ಸಾವಿರ ಆಗುತ್ತದೆ ಎಂದರು. ಮನೆಗೆ ತಂದು ನಾನೇ ತೆರೆದೆ. ಈ ಮಾಡೆಲ್‌ನ ಹಿಂಬದಿ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಅಂಚಿಗೆ ಉಗುರು ಹಾಕಿದರೆ ಟಕ್ ಅಂತ ಬರುತ್ತದೆ. ಬ್ಯಾಟರಿ ವೈರಿನ ಕನೆಕ್ಟರ್ ಸಡಿಲವಾಗಿತ್ತು. ಒತ್ತಿ ಕೂರಿಸಿ, ಮೇಲೊಂದು ಚೂರು ಟೇಪ್ ಅಂಟಿಸಿದೆ. ಖರ್ಚು ಸೊನ್ನೆ. ಚಾರ್ಜರ್ ಎರಡು ಆಂಪಿಯರ್‌ನದ್ದೇ ಬೇಕು. ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಇಡೀ ದಿನ ಹಿಡಿಯುತ್ತದೆ.

ಮೂರು ನಾಲ್ಕು ವರ್ಷದ ಮೇಲೆ ಬ್ಯಾಟರಿಯೇ ಸೋತಿತು. ತರಿಸುವಾಗ ಕೋಡ್ ನೋಡಿಕೊಳ್ಳಿ: ಸಿ11-ಎಂಇ370ಟಿ. ಕೊನೆಯಲ್ಲಿ ಇನ್ನೊಂದು ಜಿ ಇದ್ದರೆ ಅದು 3ಜಿ ಮಾಡೆಲ್‌ನದ್ದು. ನನಗೆ ಸಾವಿರದ ಚಿಲ್ಲರೆ ಆಯಿತು. ಟ್ಯಾಬ್ ಐದೂವರೆ, ಬ್ಯಾಟರಿ ಸಾವಿರದ ಚಿಲ್ಲರೆ, ಚಾರ್ಜರ್ ಮತ್ತು ಎರಡು ಕೇಬಲ್ ಸೇರಿ ಐನೂರು. ಒಟ್ಟು ಏಳು ಸಾವಿರದ ಸುತ್ತಮುತ್ತ. ಭಾವಮೈದುನ ಆಗ ಎಂಟೂವರೆಗೆ ತಂದ ಹೊಸ ಟ್ಯಾಬ್ ಮೂರನೇ ವರ್ಷಕ್ಕೆ ಕಣ್ಣು ಮುಚ್ಚಿತು. ಅದಾದ ಮೇಲೆ ಇನ್ನೂ ಎರಡು ತಗೊಂಡ. ನಾನು ಏನೂ ಹೇಳಲಿಲ್ಲ, ಅವನ ಮುಂದೆ ಇದನ್ನೇ ಹಿಡಿದು ಕೂತಿರುತ್ತೇನೆ ಅಷ್ಟೇ.

ನಡುವೆ ಒಂದಿಷ್ಟು ಹುಚ್ಚು ಪ್ರಯೋಗಗಳನ್ನೂ ಮಾಡಿದೆ. ಓಟಿಜಿ ಕೇಬಲ್‌ನಲ್ಲಿ (ಟ್ಯಾಬ್‌ಗೆ ಯುಎಸ್‌ಬಿ ಸಾಧನ ಜೋಡಿಸುವ ಕೇಬಲ್) ಕೀಬೋರ್ಡ್ ಹಾಕಿ ಸೊಸೈಟಿಯ ಪತ್ರಗಳನ್ನು ಬರೆದೆ, ಚೆನ್ನಾಗಿ ಆಯಿತು. ಪೆನ್‌ಡ್ರೈವ್ ಮಾತ್ರ ಸುಮ್ಮನೆ ಸಿಕ್ಕಿಸಿದರೆ ಓದುವುದಿಲ್ಲ, ರೂಟ್ ಮಾಡಿ ಸ್ಟಿಕ್‌ಮೌಂಟ್ ಆ್ಯಪ್ ಹಾಕಿದ ಮೇಲೆ ಓದಿತು. ನೆಟ್ ಇಲ್ಲದೆ ನಕ್ಷೆ ತೋರಿಸುವ ಓಸ್‌ಮ್ಯಾಂಡ್ ಆ್ಯಪ್‌ನಲ್ಲಿ ಕರ್ನಾಟಕದ ನಕ್ಷೆ ಇಳಿಸಿಕೊಂಡು ಆಗುಂಬೆ ಘಾಟಿ ಇಳಿದೆವು. ಫೋನ್‌ಗಳೆಲ್ಲ ಸಿಗ್ನಲ್ ಇಲ್ಲದೆ ಕೈ ಎತ್ತಿದಾಗ ಇದು ದಾರಿ ತೋರಿಸುತ್ತಿತ್ತು. ಅದೇ ಹುಮ್ಮಸ್ಸಿನಲ್ಲಿ ಬೈಕಿಗೆ ಕಟ್ಟಿ ನೋಡಿದೆ. ಜುಲೈ ತಿಂಗಳು, ಪ್ಲಾಸ್ಟಿಕ್ ಕವರಿನ ಮೇಲೆ ಮಳೆ ಹನಿ ಬಿದ್ದಲ್ಲೆಲ್ಲ ಸ್ಕ್ರೀನ್ ತಾನೇ ಒತ್ತಿಕೊಂಡು ನಕ್ಷೆಯನ್ನು ಅರಬ್ಬಿ ಸಮುದ್ರಕ್ಕೆ ಕೊಂಡೊಯ್ದಿತು. ಥಂಡಿಗೆ ಅಕ್ಕಿ ಡಬ್ಬದಲ್ಲಿ ಇಡಿ ಅನ್ನುತ್ತಾರೆ, ಅದು ಬೇಡ, ಚಾರ್ಜಿಂಗ್ ತೂತಿಗೆ ಅಕ್ಕಿ ಪುಡಿ ಸೇರುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಸಾಕು.

ಈಗಿನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ, ಆಮೇಲೆ ಮೋಸ ಅನ್ನಬೇಡಿ. 2023ರಲ್ಲಿ ಕಿಟ್‌ಕ್ಯಾಟ್‌ಗೆ ಗೂಗಲ್ ಪ್ಲೇ ಸರ್ವಿಸಸ್ (ಗೂಗಲ್ ಆ್ಯಪ್‌ಗಳ ಹಿಂದೆ ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ನಿಂತಿತು. ಅದರ ಬ್ರೌಸರ್‌ನಲ್ಲಿ ಅನೇಕ ಸೈಟ್‌ಗಳು ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಗುರುತಿಸುವ ದಾಖಲೆ) ತಕರಾರು ತೆಗೆಯುತ್ತವೆ. ಫೈರ್‌ಫಾಕ್ಸ್ 68 ಹಾಕಿಕೊಂಡರೆ ಅದರದ್ದೇ ಸರ್ಟಿಫಿಕೇಟ್‌ಗಳು ಇರುವುದರಿಂದ ಎಷ್ಟೋ ಪುಟ ತೆರೆಯುತ್ತವೆ. ಈ ಆಂಡ್ರಾಯ್ಡ್‌ಗೆ ಬರುವ ಕೊನೆಯ ಫೈರ್‌ಫಾಕ್ಸ್ ಅದೇ. ಬ್ಯಾಂಕು, ಯುಪಿಐ ಇದರಲ್ಲಿ ಮಾಡಲೇಬೇಡಿ. ನನ್ನದರಲ್ಲಿ ಪಿಡಿಎಫ್ ಪುಸ್ತಕ, ಹಾಡು, ನಕ್ಷೆ, ಅಡಿಕೆ ಧಾರಣೆ ಬರೆದಿಡುವ ಒಂದು ಶೀಟು, ಇಷ್ಟೇ. ಇಷ್ಟಕ್ಕೆ ಹೊಸ ಟ್ಯಾಬ್ ಯಾಕೆ ಬೇಕು ಹೇಳಿ?

ಮೊನ್ನೆ ಸಾಗರದಲ್ಲಿ ಸ್ಕ್ರೀನ್ ಒಡೆದ ಅದೇ ಮಾಡೆಲ್ ಸಿಕ್ಕಿತು, 32 ಜಿಬಿಯದ್ದು. ನಾನೂರು ಕೊಟ್ಟು ತಂದಿದ್ದೇನೆ. ಅದರ ಬೋರ್ಡ್ ತೆಗೆದು ನನ್ನ ಟ್ಯಾಬ್‌ಗೆ ಕೂರಿಸಬೇಕು. ಭಾವಮೈದುನ ಆಗುವುದಿಲ್ಲ ಎನ್ನುತ್ತಿದ್ದಾನೆ.