ಬೆಳವಣಿಗೆಯ ಮನೋವಿಜ್ಞಾನ: ಹೊಸಬರು ಎಲ್ಲಿಂದ ತೊಡಗಬೇಕು?

ಬೆಳವಣಿಗೆಯ ಮನೋವಿಜ್ಞಾನವನ್ನು ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಹಂತಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ತೊಡಗುತ್ತಾರೆ. ಅದಕ್ಕಿಂತ, ಮಾತು ಬಾರದ ಕೂಸಿಗೆ ಏನು ಗೊತ್ತಿದೆ ಎಂಬುದನ್ನು ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆಯಿಂದ ಆರಂಭಿಸುವುದು ಮೇಲು. ಈ ಶಾಸ್ತ್ರದ ನಿಜವಾದ ಜಾಣ್ಮೆ ಇರುವುದು ಅಲ್ಲೇ.

ಮೊದಲು ಒಂದೇ ಒಂದು ವಿವಾದವನ್ನು ಪೂರ್ತಿಯಾಗಿ ಓದಿ. ಕಣ್ಣೆದುರೇ ಆಟಿಕೆಯನ್ನು ಬಟ್ಟೆಯಿಂದ ಮುಚ್ಚಿದರೆ ಸುಮಾರು ಎಂಟು ತಿಂಗಳೊಳಗಿನ ಕೂಸು ಅದನ್ನು ಹುಡುಕುವುದಿಲ್ಲವೆಂಬುದನ್ನು ಗಮನಿಸಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ, ಕಣ್ಮರೆಯಾದ ವಸ್ತು ಕೂಸಿನ ಪಾಲಿಗೆ ಇಲ್ಲವೇ ಆಗುತ್ತದೆ ಎಂದು ತೀರ್ಮಾನಿಸಿದರು. 1985ರಲ್ಲಿ ಮನೋವಿಜ್ಞಾನಿ ರೆನೆ ಬಯಾರ್ಜನ್ ಮತ್ತು ಸಂಗಡಿಗರು ಕೈಚಲನೆಯ ಬದಲು ನೋಟದ ಅವಧಿಯನ್ನು ಅಳೆದರು. ಹಿಂದೆ ಪೆಟ್ಟಿಗೆಯಿದ್ದರೂ ತೆರೆಯೊಂದು ಅದರೊಳಗಿಂದಲೇ ಹಾದುಹೋದಂತೆ ಪೂರ್ತಿ ಹಿಂದಕ್ಕೆ ಮಲಗಿದಾಗ, ಐದು ತಿಂಗಳ ಕೂಸುಗಳು ಆ ಅಸಾಧ್ಯ ದೃಶ್ಯವನ್ನೇ ಹೆಚ್ಚು ಹೊತ್ತು ದಿಟ್ಟಿಸಿದವು. ಮರೆಯಾದ ಪೆಟ್ಟಿಗೆ ಇನ್ನೂ ಅಲ್ಲೇ ಇದೆಯೆಂದು ತಿಳಿದಿದ್ದರಿಂದಲೇ ಅವಕ್ಕೆ ಅಚ್ಚರಿಯಾಯಿತು ಎಂಬುದು ಅವರ ವಾದ. ಹಾಗಾದರೆ ಕೂಸಿಗೆ ತಿಳಿದಿರಲಿಲ್ಲವೋ, ಅಥವಾ ತಿಳಿದಿದ್ದರೂ ಕೈಚಾಚಿ ಹುಡುಕುವುದು ಸಾಧ್ಯವಾಗಲಿಲ್ಲವೋ? ಹೆಚ್ಚು ಹೊತ್ತು ನೋಡಿದ ಮಾತ್ರಕ್ಕೆ ಅರಿವಿದೆ ಎನ್ನಲಾಗದು ಎಂಬ ಆಕ್ಷೇಪವೂ ಇದೆ. ಎರಡೂ ಪಕ್ಷದ ವಾದವನ್ನು ನಿಮ್ಮ ಮಾತಿನಲ್ಲಿ ಬರೆಯದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಮಗುವಿನ ಆಲೋಚನೆ ಬೆಳೆಯುವ ಬಗೆಯ ಕುರಿತು ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ಓದಿ, ಒಂದನ್ನು ಕಣ್ಣಾರೆ ನೋಡಿ. ಪೋಷಕರ ಒಪ್ಪಿಗೆ ಪಡೆದು, ನಾಲ್ಕೈದು ವರ್ಷದ ಮಗುವಿನೆದುರು ಸಮನಾಗಿ ನೀರಿರುವ ಎರಡು ಲೋಟಗಳಲ್ಲಿ ಒಂದರ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿಯಿರಿ. ಎತ್ತರದ ಲೋಟದಲ್ಲೇ ಹೆಚ್ಚು ನೀರಿದೆ ಎಂದು ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಹೇಳುತ್ತಾರೆ. ತಿದ್ದಬೇಡಿ, ಯಾಕೆ ಹಾಗನ್ನಿಸಿತೆಂದು ಕೇಳಿ, ಉತ್ತರವನ್ನು ಇದ್ದಂತೆಯೇ ಬರೆದುಕೊಳ್ಳಿ.

ಮೂರನೆಯದು ಸಂಶೋಧನಾ ವಿಧಾನ. ಇದನ್ನು ಬಿಟ್ಟು ಮುಂದೆ ಸಾಗುವವರೇ ಹೆಚ್ಚು, ಅದು ದೊಡ್ಡ ನಷ್ಟ. ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ದಿನ ಪರೀಕ್ಷಿಸಿ ವ್ಯತ್ಯಾಸ ಕಂಡರೆ, ಕಾರಣ ವಯಸ್ಸೇ ಆಗಿರಬೇಕೆಂದಿಲ್ಲ. ಎರಡು ತಲೆಮಾರುಗಳಿಗೆ ಸಿಕ್ಕ ಶಿಕ್ಷಣವೇ ಬೇರೆಯಾಗಿರಬಹುದು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರೆ ಈ ತೊಡಕು ತಗ್ಗುತ್ತದೆ, ಆದರೆ ನಡುವೆ ಬಿಟ್ಟುಹೋಗುವವರು ಹೆಚ್ಚುತ್ತಾರೆ. 1956ರಲ್ಲಿ ಮನೋವಿಜ್ಞಾನಿ ವಾರ್ನರ್ ಷಾಯಿ ಅಮೆರಿಕದಲ್ಲಿ ಆರಂಭಿಸಿದ, ವಯಸ್ಕರ ಬುದ್ಧಿಶಕ್ತಿಯ ಕುರಿತ ಸಿಯಾಟಲ್ ಅಧ್ಯಯನ ಎರಡೂ ವಿಧಾನಗಳನ್ನು ಬೆಸೆಯಿತು.

ಇಷ್ಟಾದ ಮೇಲೆ ಈ ಕ್ಷೇತ್ರದ ಇತರ ಪ್ರಮುಖ ಚಿಂತಕರಾದ ವೈಗೋಟ್ಸ್ಕಿ (ಕಲಿಕೆಯಲ್ಲಿ ಸಮಾಜದ ಪಾತ್ರ), ಎರಿಕ್ಸನ್ (ಜೀವನದುದ್ದದ ವ್ಯಕ್ತಿತ್ವ ವಿಕಾಸ), ಬೌಲ್ಬಿ (ತಾಯಿ-ಮಗುವಿನ ಬಾಂಧವ್ಯ) ಇವರನ್ನು ಯಾವ ಕ್ರಮದಲ್ಲಿ ಓದಿದರೂ ಸರಿ. ಈ ಬಾಂಧವ್ಯವನ್ನು ಪರೀಕ್ಷಿಸಲು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ನಡೆಸಿದ, ತಾಯಿ ಸ್ವಲ್ಪ ಹೊತ್ತು ಹೊರಹೋಗಿ ಮರಳುವ ಪ್ರಯೋಗದಲ್ಲಿ ಮಾತ್ರ ಒಂದನ್ನು ಗಮನಿಸಿ: ತಾಯಿ ಹೊರಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಅವಳು ಮರಳಿದಾಗ ಅದು ಹೇಗೆ ನಡೆದುಕೊಂಡಿತು ಎಂಬುದೇ ಅಲ್ಲಿ ಮುಖ್ಯ.

ಪುಸ್ತಕದಲ್ಲಿರುವ ವಯಸ್ಸುಗಳನ್ನು ಗಡುವೆಂದು ತಿಳಿಯಬೇಡಿ. ಮಗು ಆಸರೆಯಿಲ್ಲದೆ ನಡೆಯಲು ಕಲಿಯುವ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 8.2ರಿಂದ 17.6 ತಿಂಗಳೆಂದು ಗುರುತಿಸಿದೆ.