ಮೆಡಿಕಲ್ ಇಂಟರ್‌ವ್ಯೂ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ಮಗಳಿಗೆ ಬ್ರಿಟನ್ನಿನ ಮೆಡಿಕಲ್ ಕಾಲೇಜಿನಿಂದ ಮೊದಲ ಇಂಟರ್‌ವ್ಯೂ ಕರೆ ಬಂದ ರಾತ್ರಿಯೇ ನಾನು ಒಂದು ದಿನದ ಕೋಚಿಂಗ್‌ಗೆ 200 ಪೌಂಡ್ ಕಟ್ಟಿಬಿಟ್ಟೆ. ಯೋಚನೆಯನ್ನೇ ಮಾಡಲಿಲ್ಲ. ದಾವಣಗೆರೆಯಲ್ಲಿ ಬೆಳೆದವಳು ನಾನು. ನಮ್ಮೂರಲ್ಲಿ ಸೈನ್ಸ್ ತಗೊಂಡ ಮಗುವಿಗೆ ಕೋಚಿಂಗ್ ಕೊಡಿಸಲಿಲ್ಲ ಅಂದ್ರೆ ನೆಂಟರೇ ಬಿಡುವುದಿಲ್ಲ, ಅಲ್ವಾ? ಆ ಅಭ್ಯಾಸ ಇಂಗ್ಲೆಂಡಿಗೂ ನನ್ನ ಜೊತೆ ಬಂದಿತ್ತು.

ಊರಿನ ಲೆಕ್ಕ ಬೇರೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ರ‍್ಯಾಂಕ್ ಬಂದರೆ ಕೌನ್ಸೆಲಿಂಗ್, ಆಮೇಲೆ ಸೀಟು. ಹುಡುಗ ಯಾರ ಹತ್ತಿರ ಹೇಗೆ ಮಾತಾಡುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಯುಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದು, ಅಕ್ಟೋಬರ್ 15ರೊಳಗೆ ಯುಕಾಸ್ ಅನ್ನುವ ಸಂಸ್ಥೆಯ ಮೂಲಕ ಕಾಲೇಜುಗಳಿಗೆ ಅರ್ಜಿ ಹಾಕಬೇಕು. ಮೆಡಿಸಿನ್‌ಗೆ ನಾಲ್ಕೇ ಕಾಲೇಜು ಆರಿಸಲು ಬಿಡುತ್ತಾರೆ. ಇಂಟರ್‌ವ್ಯೂ ಸಾಮಾನ್ಯವಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ.

ಬಹಳಷ್ಟು ಕಾಲೇಜುಗಳಲ್ಲಿ ಇಂಟರ್‌ವ್ಯೂ ಅಂದ್ರೆ ಎಂಎಂಐ (ಮಲ್ಟಿಪಲ್ ಮಿನಿ ಇಂಟರ್‌ವ್ಯೂ). ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ ಇದು. ಸಾಲಾಗಿ ಹಲವು ಸ್ಟೇಷನ್ ಇರುತ್ತವೆ, ಒಂದೊಂದಕ್ಕೂ ಕೆಲವೇ ನಿಮಿಷ. ಒಂದರಲ್ಲಿ ನೀತಿಯ ಪ್ರಶ್ನೆ, ಇನ್ನೊಂದರಲ್ಲಿ ನಟರೊಬ್ಬರು ಸಿಟ್ಟಾದ ರೋಗಿಯಾಗಿ ಕೂತಿರುತ್ತಾರೆ. ಪ್ರತಿ ಸ್ಟೇಷನ್‌ಗೂ ಬೇರೆ ಅಂಕ. ಹಾಗಾಗಿ ಒಂದು ಕೆಟ್ಟಿತು ಅಂತ ಮುಂದಿನದನ್ನೂ ಕೆಡಿಸಿಕೊಳ್ಳಬೇಕಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳದ್ದು ಬೇರೆ ದಾರಿ. ಅಲ್ಲಿ ಪಾಠ ಹೇಳುವವರ ಮುಂದೆ ಕೂತು, ವಿಜ್ಞಾನದ ಪ್ರಶ್ನೆಯನ್ನು ಬಾಯಿಬಿಟ್ಟು ಯೋಚಿಸುತ್ತಾ ಬಿಡಿಸಬೇಕು.

ನಾನು ದುಡ್ಡು ಕಟ್ಟಿದ ಆ ಒಂದು ದಿನದ ಕೋರ್ಸಿನಲ್ಲಿ ಏನು ಸಿಕ್ಕಿತು? ಒಂದು ದಪ್ಪ ಫೈಲು. ಒಂದು ಹಾಲ್ ತುಂಬ ಮಕ್ಕಳು. ಇಡೀ ದಿನದಲ್ಲಿ ನನ್ನ ಮಗಳು ಎದ್ದು ನಿಂತು ಮಾತಾಡಿದ್ದು ಎರಡೇ ಸಲ. ಫೈಲಿನಲ್ಲಿದ್ದ ವೈದ್ಯಕೀಯ ನೀತಿಯ ನಾಲ್ಕು ತತ್ವ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆರು ಮೌಲ್ಯ, ಎಲ್ಲವೂ ಪುಕ್ಕಟೆ ಓದಲು ಸಿಗುವಂಥವೇ. ಅಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಮೆಡಿಕಲ್ ಸ್ಕೂಲ್ಸ್ ಕೌನ್ಸಿಲ್ ಇಂಟರ್‌ವ್ಯೂ ಬಗ್ಗೆಯೇ ಮಾಹಿತಿ ಕೊಡುತ್ತದೆ. ಡಾಕ್ಟರುಗಳ ನೋಂದಣಿ ಮಾಡುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ‘ಗುಡ್ ಮೆಡಿಕಲ್ ಪ್ರಾಕ್ಟೀಸ್’ ಓದಿದರೆ ಅಲ್ಲಿನ ಡಾಕ್ಟರ್ ಹೇಗಿರಬೇಕು ಅನ್ನುವುದು ತಿಳಿಯುತ್ತದೆ. ಕೋರ್ಸಿನಿಂದ ಬಂದ ಮೇಲೆ ‘ಯಾಕೆ ಡಾಕ್ಟರ್ ಆಗಬೇಕು?’ ಅಂದ್ರೆ ಮಗಳು ಅಚ್ಚು ಹೊಡೆದ ಹಾಗೆ ಉತ್ತರ ಹೇಳುತ್ತಿದ್ದಳು. ಕೇಳಲು ಚೆನ್ನಾಗಿತ್ತು. ಅವಳ ಮಾತು ಅನ್ನಿಸಲಿಲ್ಲ.

ಕ್ರಿಸ್‌ಮಸ್ ರಜೆಗೆ ದಾವಣಗೆರೆಗೆ ಬಂದೆವು. ವಿದ್ಯಾನಗರದ ಅಮ್ಮನ ಮನೆಯಲ್ಲಿ ನಾವೇ ಸ್ಟೇಷನ್ ಮಾಡಿದೆವು. ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿಸಿದೆ: ‘ನಿನ್ನ ಕಾರಿಗೆ ಸಿಕ್ಕಿ ಪಕ್ಕದ ಮನೆಯವರ ಬೆಕ್ಕು ಸತ್ತಿದೆ. ಅವರಿಗೆ ತಿಳಿಸು.’ ಎಂಎಂಐ ಅಭ್ಯಾಸಕ್ಕೆ ಎಲ್ಲರೂ ಬಳಸುವ ಹಳೇ ಪ್ರಶ್ನೆ. ಪಕ್ಕದ ಮನೆಯವರು ನಮ್ಮಮ್ಮ. ಕನ್ನಡದಲ್ಲೇ ಆಗಲಿ ಅಂದೆ. ಮಗಳು ಒಳಗೆ ಹೋದವಳೇ ನಿಂತಲ್ಲೇ ಶುರು ಮಾಡಿದಳು: ಮಳೆ ಇತ್ತು, ಬ್ರೇಕ್ ಹಿಡಿದೆ, ಸಾರಿ. ಅವರೆಕಾಳು ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿ, ‘ಬೆಕ್ಕು ಸತ್ತಿದ್ದು ನಂದು, ನೀನು ನಿನ್ನ ಕಥಿ ಹೇಳ್ತೀಯಲ್ಲೇ. ಮೊದ್ಲು ಕುಂದ್ರು’ ಅಂದರು. ಫೈಲಿನಲ್ಲಿ ‘ಸಹಾನುಭೂತಿ ತೋರಿಸಿ’ ಅಂತ ಒಂದು ಪುಟವೇ ಇತ್ತು. ಕೂತುಕೋ ಅಂತ ಎಲ್ಲೂ ಇರಲಿಲ್ಲ.

ಅದೇ ವಾರ ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರ್ ಹೇಳಿದ್ದಕ್ಕೆಲ್ಲ ಅಪ್ಪ ತಲೆಯಾಡಿಸಿದರು. ಆಟೋ ಹತ್ತಿದ ಮೇಲೆ ಮಗಳನ್ನು ಮೆಲ್ಲಗೆ ಕೇಳಿದರು, ‘ಏನಂದ್ರವ್ವ ಡಾಕ್ಟರು?’ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಇಷ್ಟು ಗಂಟೆ ಕೆಲಸ ಮಾಡಿದೆ ಅನ್ನುವುದಕ್ಕಿಂತ ಇಂಥ ಒಂದು ಸಂಗತಿ ಕಂಡು, ಅದರಿಂದ ನಿನಗೇನು ಹೊಳೆಯಿತು ಅಂತ ಹೇಳುವುದು ಇಂಟರ್‌ವ್ಯೂನಲ್ಲಿ ಲೆಕ್ಕಕ್ಕೆ ಬರುತ್ತದೆ.

ನಮ್ಮ ಮಕ್ಕಳು ಎಡವುವ ಪ್ರಶ್ನೆ ಇನ್ನೊಂದಿದೆ. ‘ನೀನು ಮಾಡಿದ ಒಂದು ತಪ್ಪು ಹೇಳು.’ ಮನೆಯಲ್ಲಿ ನಾವು ತಪ್ಪು ಮುಚ್ಚಿಡುವುದನ್ನೇ ಕಲಿಸಿರುತ್ತೇವೆ, ನಾನೂ ಸೇರಿ. ಇದಕ್ಕೆ ಕೋಚಿಂಗ್ ಮದ್ದಲ್ಲ. ಊಟಕ್ಕೆ ಕೂತಾಗ ನಿಮ್ಮ ತಪ್ಪೊಂದನ್ನು ನೀವೇ ಮೊದಲು ಹೇಳಿ ನೋಡಿ.

ಹಾಗಾದ್ರೆ ದುಡ್ಡು ಹಾಕಲೇಬಾರದಾ? ಒಂದಕ್ಕೆ ಹಾಕಬಹುದು. ಮಗುವಿಗೆ ಪರಿಚಯವೇ ಇಲ್ಲದ ಒಬ್ಬರ ಎದುರು ಗಂಟೆ ಹೊತ್ತಿನ ಅಣಕು ಇಂಟರ್‌ವ್ಯೂ, ಒಬ್ಬರಿಗೊಬ್ಬರು, ಎಲ್ಲಿ ಎಡವಿದೆ ಅಂತ ನೇರವಾಗಿ ಹೇಳುವಂಥದ್ದು. ಅದನ್ನೂ ಮೊದಲು ಶಾಲೆಯಲ್ಲಿ ಕೇಳಿ, ಎಷ್ಟೋ ಶಾಲೆಗಳು ಸುಮ್ನೆ ಕೇಳಿದರೆ ಮಾಡಿಸುತ್ತವೆ. ಅಲ್ಲಿ ಆಗಲಿಲ್ಲ, ಗುರುತಿನ ಕನ್ನಡದ ಡಾಕ್ಟರೂ ಯಾರೂ ಇಲ್ಲ ಅಂದ್ರೆ ಆಗ ಕಟ್ಟಿ. ಮನೆಯಲ್ಲಿ ಹತ್ತು ಸಲ ಮಾತಾಡಿದ ಮೇಲೆ ಕಟ್ಟಿದರೆ ಆ ದುಡ್ಡಿಗೆ ಬೆಲೆ ಬರುತ್ತದೆ. ‘ಹೋದ ವರ್ಷದ ನಿಜವಾದ ಪ್ರಶ್ನೆ’ ಅಂತ ಮಾರುವವರಿಂದ ದೂರ ಇರಿ. ಪ್ರಶ್ನೆಗಳನ್ನು ಹೊರಗೆ ಹೇಳಬೇಡಿ ಅಂತ ಹಲವು ಕಾಲೇಜುಗಳು ಅಭ್ಯರ್ಥಿಗಳಿಗೇ ಹೇಳಿರುತ್ತವೆ.

ಕೆಲವು ಕಾಲೇಜುಗಳ ಇಂಟರ್‌ವ್ಯೂ ಆನ್‌ಲೈನ್‌ನಲ್ಲಿ ಇರುತ್ತದೆ. ರಜೆಗೆ ಊರಿಗೆ ಬಂದಾಗಲೇ ಅದು ಬಿದ್ದರೆ ಚಳಿಗಾಲದಲ್ಲಿ ಎರಡೂ ಕಡೆಯ ಗಡಿಯಾರಕ್ಕೆ ಐದೂವರೆ ಗಂಟೆ ವ್ಯತ್ಯಾಸ. ಬ್ರಿಟನ್ನಿನಲ್ಲಿ ಬೆಳಿಗ್ಗೆ 9 ಅಂದ್ರೆ ದಾವಣಗೆರೆಯಲ್ಲಿ ಮಧ್ಯಾಹ್ನ 2:30. ಎಲ್ಲಿಂದ ಕೂರಬಹುದು ಅಂತ ಕಾಲೇಜನ್ನು ಮೊದಲೇ ಕೇಳಿ. ಯುಪಿಎಸ್ ಬ್ಯಾಟರಿ ಹಿಂದಿನ ದಿನವೇ ನೋಡಿಕೊಳ್ಳಿ. ಅಜ್ಜಿಗೆ ಆ ಹೊತ್ತಿನಲ್ಲಿ ಮಿಕ್ಸಿ ಹಾಕಬೇಡಿ ಅಂತ ಎರಡು ಸಲ ಹೇಳಿ.